ಫ್ಯಾನು ನಿಲ್ಲಲೆಂದು ಕಾದು ಕೂರುವ ಮನುಷ್ಯ

ಕಳೆದ ವರ್ಷ ಮಸ್ಕತ್ತಿನ ಘಾಲಾದಲ್ಲಿರುವ ನಮ್ಮ ಕಂಪನಿಯ ಗೋದಾಮಿನಲ್ಲಿ ಒಂದು ಬೀಳ್ಕೊಡುಗೆ ನಡೆಯಿತು. ಎಸಿ ಡಕ್ಟಿನ ತಗಡು ಕತ್ತರಿಸುವ ಮೇಜನ್ನೇ ಒರೆಸಿ, ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ ಕೇಕ್ ಇಟ್ಟಿದ್ದರು. ಮ್ಯಾನೇಜರ್ ಎಂದಿನಂತೆ ಹಿಂದಿಗೆ ಇಂಗ್ಲಿಷ್ ಬೆರೆಸಿ ಭಾಷಣ ಮಾಡಿದ. "ನಮ್ಮ ಸೂಪರ್‌ವೈಸರ್ ಸಾಹೇಬರು ಬಹಳ ಒಳ್ಳೆಯವರು. ಸ್ವಲ್ಪ ಸ್ಲೋ, ಅಷ್ಟೇ. ಒಂದು ಬ್ಲೋವರ್ ಫ್ಯಾನ್ ರಿಪೇರಿಗೆ ಹೆಂಡತಿಯನ್ನೂ ಕೂರಿಸಿಕೊಂಡು ಪಿಕ್ನಿಕ್ ಹೋದವರು ಇಡೀ ಒಮಾನಿನಲ್ಲಿ ಇವರೊಬ್ಬರೇ." ಎಲ್ಲರೂ ನಕ್ಕರು. ಯಾರ ಬಗ್ಗೆ ಹೇಳಿದನೋ ಅವರೂ ನಕ್ಕರು. ನಾನು ನಗಲಿಲ್ಲ. ಕೇಕ್ ತಿನ್ನಲಿಲ್ಲ. ನನ್ನ ಪಕ್ಕದಲ್ಲಿದ್ದ ಡ್ರೈವರ್ ನನ್ನ ಪಾಲನ್ನೂ ತಿಂದ.

ಆ ನಗು ಇನ್ನೂ ನನ್ನ ಕಿವಿಯಲ್ಲಿ ಕೂತಿದೆ, ಹಾಗಾಗಿ ಬರೆಯುತ್ತಿದ್ದೇನೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಅಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ, ವಿಷಯ ಮಾತ್ರ ತಿದ್ದುವುದು ಬೇಡ. ಅವರ ಹೆಸರನ್ನು ಬರೆಯುವುದಿಲ್ಲ, ಬರೆದರೆ ಅವರೇ ಬೈಯುತ್ತಾರೆ. ವಿಜಯಪುರದ ಕಡೆಯವರು, ಡಿಪ್ಲೊಮಾ ಓದಿದವರು, ಅದನ್ನು ಮರೆಯಲು ಯಾರಿಗೂ ಬಿಡದವರು ಎಂದರೆ ಸಾಕು.

ಅವರು ದೇವರಂಥ ಮನುಷ್ಯ ಎಂದು ಬರೆದರೆ ಅದು ಸುಳ್ಳು. ಜಂಭದ ಮನುಷ್ಯ. ಅಂಗಿಗೆ ಇಸ್ತ್ರಿ ಇಲ್ಲದೆ ಸೈಟಿಗೆ ಇಳಿಯುತ್ತಿರಲಿಲ್ಲ. ವ್ಯಾನಿನಲ್ಲಿ ಕೂತು ಖಡಕ್ ರೊಟ್ಟಿ, ಬೆಳ್ಳುಳ್ಳಿ ಚಟ್ನಿ ತಿಂದರೆ ಸಂಜೆಯವರೆಗೆ ಆ ವಾಸನೆ ಸೀಟಿನಲ್ಲೇ ಇರುತ್ತಿತ್ತು, ಕಿಟಕಿ ತೆರೆದರೆ "ಧೂಳ್ ಬರತೈತಿ, ಹಾಕು" ಎನ್ನುತ್ತಿದ್ದರು. ಯಾರ ಕೆಲಸವನ್ನೂ ಹೊಗಳಿದ್ದಿಲ್ಲ. ನಾನು ಕಾರ್ಕಳದ ಕಡೆಯ ತುಳುವ, ಅವರಿಗೆ ಹಂಗಿಸಲು ಅದೊಂದು ಸಿಕ್ಕಿಬಿಟ್ಟಿತ್ತು.

"ತಮ್ಮಾ, ಪೈಪಿಗೆ ಟೇಪ್ ಸುತ್ತಾಕತ್ತೀಯೋ, ಮೀನಿಗೆ ಮಸಾಲಿ ಹಚ್ಚಾಕತ್ತೀಯೋ?"

"ನಿಮ್ಮ ಕಡೆಯವರು ರೊಟ್ಟಿ ತಟ್ಟಿದ ಹಾಗೆ ತಗಡು ತಟ್ಟುದಕ್ಕಿಂತ ಅಡ್ಡಿಲ್ಲ ಸಾರ್."

"ಮಾತು ಬಲ್ಲಿ, ಕೆಲಸ ಕಲಿ."

ಕೆಲಸ ನನಗೆ ಬರುತ್ತಿತ್ತು. ಅದನ್ನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಮಂಗಳೂರಿನಲ್ಲಿ ಫ್ರಿಜ್ ರಿಪೇರಿಯಿಂದ ಶುರುಮಾಡಿ ಇಲ್ಲಿ ದೊಡ್ಡ ದೊಡ್ಡ ಬಂಗಲೆಗಳ ಎಸಿ ಕೂರಿಸುವವರೆಗೆ ನನ್ನ ಕೈ ನನ್ನನ್ನು ತಂದಿದೆ. ಆದರೆ ಒಂದು ವಿಷಯದಲ್ಲಿ ಅವರಿಗೂ ನನಗೂ ದಿನಾ ಜಗಳ. ನಮ್ಮ ಕಸುಬಿನಲ್ಲಿ ಎಲ್ಲರಿಗೂ ಒಂದು ಚಟವಿದೆ. ಫ್ಯಾನು ನಿಂತಿದ್ದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಕ್ಕೆ ಎರಡು ಬಡಿಯುವುದು, ಇಲ್ಲವೆ ಮೇನ್ ಸ್ವಿಚ್ ಆರಿಸಿ ಮತ್ತೆ ಹಾಕುವುದು. ಅರ್ಧಕ್ಕರ್ಧ ಸಲ ಓಡಲು ಶುರುವಾಗುತ್ತದೆ. "ಖಲಾಸ್" ಎಂದು ಹೇಳಿ ಮುಂದಿನ ಮನೆಗೆ ಹೋಗುವುದು. ಕಂಪನಿಗೂ ಅದೇ ಬೇಕು, ದಿನಕ್ಕೆ ಹೆಚ್ಚು ಮನೆ ಮುಗಿಯಬೇಕು. ಅವರ ಕೆಳಗೆ ಕೆಲಸ ಮಾಡುವವರು ಮಾತ್ರ ಬಡಿಯುವ ಹಾಗಿಲ್ಲ, ಖಲಾಸ್ ಎನ್ನುವ ಹಾಗೂ ಇಲ್ಲ.

ಸುವೈಕ್‌ನ ಒಂದು ಔಷಧದ ಅಂಗಡಿಯಲ್ಲಿ ನಾನು ಹಾಗೆ ಬಡಿದು ಓಡಿಸಿದ್ದನ್ನು ನೋಡಿ ಅವರ ಮುಖ ಕೆಂಪಾಯಿತು.

"ಯಾಕ ನಿಂತಿತ್ತು?"

"ಈಗ ಓಡ್ತಾ ಉಂಟಲ್ಲ ಸಾರ್."

"ನಾ ಕೇಳಿದ್ದು ಅದಲ್ಲ. ಯಾಕ ನಿಂತಿತ್ತು?"

ನನಗೆ ಗೊತ್ತಿರಲಿಲ್ಲ. ಬೂಟು ಬಿಚ್ಚಿ, ಅಂಗಡಿಯ ಮೂಲೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ತಲೆಯನ್ನು ಒಂದು ಬದಿಗೆ ವಾಲಿಸಿ ಅವರು ಯಂತ್ರದ ಸದ್ದು ಕೇಳತೊಡಗಿದರು. ಹೊರಗೆ ಬಿಸಿಲು. ನನಗೆ ಕಂಪನಿಯಿಂದ ಕರೆಯ ಮೇಲೆ ಕರೆ. ಅವರು ಕದಲಲಿಲ್ಲ. ಕೊನೆಗೆ ಗಿರಾಕಿಯೊಬ್ಬ ಗಾಜಿನ ಬಾಗಿಲನ್ನು ದಢಾರನೆ ಎಳೆದುಕೊಂಡು ಹೋದ, ಫ್ಯಾನು ನಿಂತಿತು. ಬೋರ್ಡಿನಲ್ಲಿ ಒಂದು ವೈರಿನ ಕೊಂಡಿ ಸಡಿಲವಿತ್ತು. ಗೋಡೆ ಅದುರಿದಾಗ ಬಿಡುತ್ತಿತ್ತು, ನಾನು ಬಡಿದಾಗ ಹಿಡಿದುಕೊಳ್ಳುತ್ತಿತ್ತು.

"ಹೊಡದು ಓಡಿಸಿದ ಕಳ್ಳ ತಿರುಗಿ ಬರ್ತಾನ," ಎಂದು ಬೂಟು ಹಾಕಿಕೊಂಡರು. ದಾರಿಯುದ್ದಕ್ಕೂ ಅದನ್ನೇ ಮತ್ತೆ ಮತ್ತೆ ಹೇಳಿ ನನ್ನ ತಲೆ ತಿಂದರು. ಸರಿಯಾದ ಮಾತನ್ನೇ ಹೇಳಿ ಕೂಡ ಮನುಷ್ಯ ಎಷ್ಟು ಬೇಸರ ಹುಟ್ಟಿಸಬಹುದು ಎಂದು ನಾನು ಅವರನ್ನು ನೋಡಿಯೇ ಕಲಿತದ್ದು.

ಈಗ ಇಬ್ರಾದ ಮಾತಿಗೆ ಬರುತ್ತೇನೆ. ಮ್ಯಾನೇಜರ್ ಪಿಕ್ನಿಕ್ ಎಂದದ್ದು ಇದನ್ನೇ.

ಒಳನಾಡಿನ ಊರು ಇಬ್ರಾದಲ್ಲಿ ಚಳಿಗಾಲದ ಸಂಜೆ ನಿಜವಾಗಿಯೂ ಚಳಿ. ಮಸ್ಕತ್ತಿನವರಿಗೆ ಅದು ತಿಳಿಯುವುದಿಲ್ಲ. ಅಲ್ಲಿಯ ದೊಡ್ಡ ಮನೆಯೊಂದಕ್ಕೆ ನಾವು ಹೀಟ್ ಪಂಪ್ ಕೂರಿಸಿದ್ದೆವು. ಬೇಸಿಗೆಯಲ್ಲಿ ಒಳಗಿನ ಸೆಕೆಯನ್ನು ಹೊರಗೆ ಎಸೆಯುವ ಎಸಿಯೇ ಚಳಿಗಾಲದಲ್ಲಿ ಕೆಲಸ ತಿರುವಿಕೊಂಡು ಹೊರಗಿನ ಬಿಸಿಯನ್ನು ಒಳಗೆ ತರುತ್ತದೆ, ಅಷ್ಟೇ. ಆ ಮನೆಯ ಯಜಮಾನನ ತಾಯಿಗೆ ಮಂಡಿನೋವು. ಅವರಿಗಾಗಿಯೇ ಹಾಕಿಸಿದ್ದು.

ಕೂರಿಸಿದ ಮೊದಲ ಚಳಿಗಾಲದಲ್ಲೇ ಅದರ ಬ್ಲೋವರ್ ಫ್ಯಾನು, ಎಂದರೆ ಬಿಸಿ ಗಾಳಿಯನ್ನು ಕೋಣೆಗಳಿಗೆ ದೂಡುವ ಒಳಗಿನ ಫ್ಯಾನು, ಮನಸ್ಸು ಬಂದಾಗ ನಿಲ್ಲತೊಡಗಿತು. ಯಜಮಾನ ಫೋನ್ ಮಾಡುತ್ತಿದ್ದ, ನಾನು ಘಾಲಾದಿಂದ ಹೋಗುತ್ತಿದ್ದೆ, ನಾನು ಮುಟ್ಟುವ ಹೊತ್ತಿಗೆ ಫ್ಯಾನು ಬುಗುರಿಯ ಹಾಗೆ ತಿರುಗುತ್ತಿತ್ತು. ವೈರು ಬಿಗಿ ಮಾಡಿದೆ. ಕೆಪಾಸಿಟರ್ ಬದಲಾಯಿಸಿದೆ. ಫಿಲ್ಟರ್ ತೊಳೆದೆ. ಮತ್ತೆ ಫೋನ್ ಬಂತು. ಮೋಟಾರನ್ನೇ ಬದಲಾಯಿಸು ಎಂದ ಮ್ಯಾನೇಜರ್, ಬದಲಾಯಿಸಿದೆ. ಹೊಸ ಮೋಟಾರೂ ನಿಂತಿತು.

ಆಮೇಲೆ ಯಜಮಾನನ ಫೋನು ನನಗೆ ಬರುವುದು ನಿಂತು ನೇರ ಮ್ಯಾನೇಜರಿಗೆ ಹೋಯಿತು. ಈ ಹುಡುಗನಿಗೆ ಕೆಲಸ ಬರುವುದಿಲ್ಲ, ಇಲ್ಲವೆ ಹಳೆಯ ಮೋಟಾರನ್ನೇ ಒರೆಸಿ ಹಾಕಿದ್ದಾನೆ ಎಂದನಂತೆ. ಆಗ ನನಗೆ ನಲವತ್ತು ದಾಟಿತ್ತು. ಹುಡುಗ ಅಂದದ್ದನ್ನು ಬೇಕಾದರೆ ಬಿಡುತ್ತೇನೆ. ಹಳೆಯದನ್ನು ಒರೆಸಿ ಹಾಕಿದ್ದಾನೆ ಎಂದದ್ದನ್ನು ಬಿಡಲಿಕ್ಕೆ ಆಗುವುದಿಲ್ಲ. ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದ, ಕೂರಲು ಹೇಳಲಿಲ್ಲ.

"ನಿನ್ನ ವೀಸಾ ನವೀಕರಣ ಬರುತ್ತಾ ಇದೆ. ಇಬ್ರಾದಿಂದ ಇನ್ನೊಂದು ಫೋನ್ ಬಂದರೆ ನಾನು ಸಹಿ ಹಾಕುವುದಿಲ್ಲ. ಖಲಾಸ್."

ಕೆಲಸ ಹೋದರೆ ಊರಿಗೆ ಹೋಗಬಹುದು, ಎರಡು ಕೈ ಇರುವವನು ಎಲ್ಲಿಯೂ ಉಪವಾಸ ಬೀಳುವುದಿಲ್ಲ. ಆದರೆ ಕಳಪೆ ಕೆಲಸದವನು, ಮೋಸದವನು ಎಂದು ಹೇಳಿಸಿಕೊಂಡು ಹೋಗುವುದು ಹೇಗೆ? ಊರಿನಲ್ಲಿ ಯಾಕೆ ಬಂದೆ ಎಂದು ಕೇಳಿದರೆ ಏನು ಹೇಳಲಿ? ಆ ಸಿಟ್ಟಿನಲ್ಲಿಯೇ ಸೂಪರ್‌ವೈಸರರ ಬಳಿ ಹೋದೆ. ಅವರು ನನ್ನ ಪರವಾಗಿ ಮ್ಯಾನೇಜರಿಗೆ ಒಂದು ಮಾತು ಹೇಳುತ್ತಾರೆ ಎಂದುಕೊಂಡಿದ್ದೆ.

"ನೀವಾದ್ರೂ ಹೇಳಿ ಸಾರ್, ನನ್ನ ಕೆಲಸ ನಿಮಗೆ ಗೊತ್ತುಂಟಲ್ಲ."

"ಫ್ಯಾನ್ ನಿಂತಿದ್ದು ನೀ ನೋಡೀಯೇನು?"

"ಇಲ್ಲ."

"ನೋಡದ ಮೋಟಾರ್ ಬಿಚ್ಚಿದಿ. ಅಂದ್ರ ನಾ ಏನಂತ ಹೇಳ್ಲಿ? ನಡಿ, ನೋಡೂಣು."

ಅಷ್ಟೇ. ಬೆನ್ನು ತಟ್ಟುವುದಿಲ್ಲ, ಹೆದರಬೇಡ ಎನ್ನುವುದಿಲ್ಲ. ಇಬ್ರಾದವರೆಗೂ ನಾನು ಅವರ ಜೊತೆ ಮಾತಾಡಲಿಲ್ಲ. ಅವರು ಅದನ್ನು ಗಮನಿಸಲೂ ಇಲ್ಲ, ರೊಟ್ಟಿ ತಿಂದರು.

ಆ ಮನೆಯ ಏರ್ಪಾಡು ಹೀಗಿತ್ತು. ಹೊರಗಿನ ಗಂಡಸರು ಬಂದರೆ ಮುಂಬಾಗಿಲಿನಿಂದ ಬಂದು ಬೈಠಕ್ ಕೋಣೆಯಾದ ಮಜ್ಲಿಸ್‌ನಲ್ಲಿ ಕೂರುತ್ತಾರೆ. ಹೆಂಗಸರಿಗೆ ಪಕ್ಕದ ಬಾಗಿಲು, ಅವರು ಒಳಗಿನ ಹಾಲ್‌ನಲ್ಲಿ ಕೂರುತ್ತಾರೆ. ಎರಡರ ನಡುವೆ ಮನೆಯೊಳಗೇ ಒಂದು ಓಣಿ, ಪ್ಯಾಸೇಜು. ಯಂತ್ರ ಆ ಓಣಿಯ ಸೀಲಿಂಗಿನ ಮೇಲೆ. ಒಳ ಹಾಲ್‌ನ ಗಾಳಿಯನ್ನು ಯಂತ್ರ ತಿರುಗಿ ಎಳೆದುಕೊಳ್ಳಲು ಓಣಿಗೂ ಹಾಲಿಗೂ ನಡುವಿನ ಗೋಡೆಯಲ್ಲೊಂದು ಅಗಲವಾದ ಜಾಲರಿ. ನಾವು ಅದನ್ನು ರಿಟರ್ನ್ ಗ್ರಿಲ್ ಎನ್ನುತ್ತೇವೆ.

ಅವರು ಬೂಟು ಬಿಚ್ಚಿ ಓಣಿಯಲ್ಲಿ ಕೂತರು. ತಲೆ ವಾಲಿಸಿದರು. ಮಧ್ಯಾಹ್ನವೆಲ್ಲ ಫ್ಯಾನು ಓಡಿತು. ಯಜಮಾನ ಕಹ್ವಾ ಕಾಫಿ, ಖರ್ಜೂರ ತಂದಿಟ್ಟು, ಅರ್ಧ ಹಿಂದಿಯಲ್ಲಿ "ನೋಡಿದಿರಾ, ನೀವಿದ್ದಾಗ ಇದು ಸಾಧು" ಎಂದು ನನ್ನ ಮುಖ ನೋಡಿ ನಕ್ಕ. ಇನ್ನೊಂದು ದಿನವೂ ಹೋಗಿ ಕೂತೆವು, ಅದೇ ಕಥೆ. ವಾಪಸ್ಸು ಬರುವಾಗ ಅವರು ಹೇಳಿದರು:

"ಮೋಟಾರ್ ಕಾದು ನಿಂದರಾಕತ್ತೈತಿ. ಅದರಾಗ ಡೌಟ್ ಇಲ್ಲ."

ಇದು ನನಗೂ ಹೊಳೆದಿತ್ತು. ಮೋಟಾರಿನ ಹೊಟ್ಟೆಯೊಳಗೆ ಒಂದು ಸಣ್ಣ ಸ್ವಿಚ್ಚಿರುತ್ತದೆ. ಬಿಸಿ ಮೀರಿದರೆ ಮೋಟಾರು ಸುಟ್ಟುಹೋಗಬಾರದೆಂದು ತಾನೇ ಕೈಬಿಡುತ್ತದೆ, ತಣಿದ ಮೇಲೆ ತಾನೇ ಹಿಡಿದುಕೊಳ್ಳುತ್ತದೆ. ಗಾಳಿ ಎಲ್ಲಾದರೂ ಕಟ್ಟಿದರೆ ಹೀಗಾಗುತ್ತದೆ. ಆದರೆ ಫಿಲ್ಟರ್ ಸ್ವಚ್ಛ, ಡಕ್ಟು ಖಾಲಿ. ಕಟ್ಟುವುದು ಎಲ್ಲಿ?

"ನಮ್ಮ ಮಾರಿ ಕಂಡ್ರ ಸುದ್ದ ಆಗತೈತಿ ಅಂದ್ರ, ನಾವ್ ಇಲ್ಲದಾಗ ಆ ಮನ್ಯಾಗ ಏನೋ ಬ್ಯಾರೆ ಇರತೈತಿ. ಅದನ್ನ ನಾನೂ ನೋಡಾಕ ಆಗೂದಿಲ್ಲ, ನೀನೂ ನೋಡಾಕ ಆಗೂದಿಲ್ಲ."

"ಮತ್ತೆ ಯಾರು ನೋಡುದು ಸಾರ್? ಫ್ಯಾನೇ ಬಂದು ಹೇಳ್ಬೇಕಾ?"

ಅವರು ಗಾಡಿಯನ್ನು ಬದಿಗೆ ನಿಲ್ಲಿಸಿ ಯಜಮಾನನಿಗೆ ಫೋನ್ ಮಾಡಿದರು. ಫ್ಯಾನು ನಿಂತ ದಿನಗಳಲ್ಲಿ ಮನೆಗೆ ಯಾರಾದರೂ ಬಂದಿದ್ದರೇ ಎಂದು ಕೇಳಿದರು. ನೆಂಟರು ಬಂದಿದ್ದರು ಎಂದ. ಗಂಡಸರೋ ಹೆಂಗಸರೋ? ಅವನು ದನಿ ತಗ್ಗಿಸಿ, ತಾಯಿಯ ಗೆಳತಿಯರು ಎಂದ. ಇವರು ಮತ್ತೇನೂ ಕೇಳದೆ, ನನ್ನ ಹೆಂಡತಿಗೆ ನಿಮ್ಮ ತಾಯಿಯನ್ನು ಕಂಡು ಮಾತಾಡಿಸಬೇಕೆಂದು ಆಸೆ, ಕರೆದುಕೊಂಡು ಬರಬಹುದೇ ಎಂದರು. ಆ ಕಡೆಯಿಂದ ಅಹ್ಲನ್, ಅಹ್ಲನ್, ಬನ್ನಿ ಬನ್ನಿ ಎನ್ನುವುದು ನನಗೂ ಕೇಳಿಸಿತು. ಅತಿಥಿ ಎಂದರೆ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಬಾಗಿಲು ಮುಚ್ಚಿರುವುದು ರಿಪೇರಿಯವನಿಗೆ ಮಾತ್ರ.

ಹೀಗೆ ಅಕ್ಕ ಬಂದರು. ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುವುದು. ಒಂದು ಡಬ್ಬಿ ಶೇಂಗಾ ಹೋಳಿಗೆ ಕಟ್ಟಿಕೊಂಡು, ಇಳಕಲ್ ಸೀರೆ ಉಟ್ಟು, ಮುಂದಿನ ಸೀಟಿನಲ್ಲಿ ಕೂತರು. ದಾರಿಯಲ್ಲಿ ಗಂಡ ಪಾಠ ಹೇಳಿಕೊಟ್ಟದ್ದೇ ಕೊಟ್ಟದ್ದು.

"ಫ್ಯಾನಿನ ಸಪ್ಪಳದ ಮ್ಯಾಲೆ ಲಕ್ಷ್ಯ ಇರ್ಲಿ. ನಿಂತ ಕೂಡ್ಲೆ ಸುತ್ತಮುತ್ತ ಏನೈತಿ ನೋಡು."

"ನಂಗೂ ಬೂಟ್ ಬಿಚ್ಚಿ ಕುಂದರಂತ ಹೇಳ್ತೀರೇನು?" ಎಂದರು ಅಕ್ಕ. "ಮೂವತ್ ವರ್ಷ ನಿಮ್ಮ ಸಂಸಾರ ರಿಪೇರಿ ಮಾಡೇನಿ. ಒಂದ್ ಫ್ಯಾನ್ ನೋಡಾಕ ಬರೂದಿಲ್ಲೇನು?"

ಅವರನ್ನು ಪಕ್ಕದ ಬಾಗಿಲಲ್ಲಿ ಇಳಿಸಿ, ನಾವಿಬ್ಬರು ದೂರದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ ಕೂತೆವು. ಸಂಜೆಯಾಗುತ್ತಿತ್ತು. ಹೆಂಗಸರು ಒಬ್ಬೊಬ್ಬರೇ ಬಂದು ಆ ಬಾಗಿಲಿನಿಂದ ಒಳಗೆ ಹೋದರು. ನನಗೆ ಕೂರಲು ಆಗಲಿಲ್ಲ. ಒಳಗೆ ನನ್ನ ಹೆಸರು ನಿಂತಿತ್ತು, ಅದನ್ನು ನೋಡಲು ಹೋದವರು ಹೋಳಿಗೆ ಹಂಚುತ್ತಿದ್ದರು. ಇವರು ಮಾತ್ರ ಕಣ್ಣು ಮುಚ್ಚಿ, ತಲೆ ಒಂದು ಬದಿಗೆ ವಾಲಿಸಿ ಕೂತಿದ್ದರು. ಗೊರಕೆ ಕೇಳಿದ ಮೇಲೆಯೇ ನಿದ್ದೆ ಎಂದು ತಿಳಿದದ್ದು.

ಅಕ್ಕ ಬಂದಾಗ ಕೈಯಲ್ಲಿ ಅದೇ ಡಬ್ಬಿ, ಒಳಗೆ ಹಲ್ವಾ. ಕೂತವರೇ ಕಹ್ವಾದ ಏಲಕ್ಕಿಯ ಬಗ್ಗೆ, ಆ ತಾಯಿಯ ಮಂಡಿಯ ಬಗ್ಗೆ, ಯಾರದೋ ಸೊಸೆಯ ಬಾಣಂತನದ ಬಗ್ಗೆ ಹೇಳಲು ಶುರುಮಾಡಿದರು. ಇವರು ತಡೆದರು.

"ಫ್ಯಾನ್?"

"ನಿಂತ್ತು."

"ಯಾಕ ನಿಂತ್ತು?"

"ಅದನ್ನೂ ನೋಡೇನಿ. ಆದ್ರ ಹೇಳಾಕ ಮನಸ್ಸಿಲ್ಲ."

ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿದೆ. "ಅಕ್ಕ, ಎಂತ ಹೇಳ್ತಾ ಇದ್ದೀರಿ? ನನ್ನ ಅನ್ನದ ಪ್ರಶ್ನೆ."

"ಗೊತ್ತೈತಪಾ. ಅವರ ಮನ್ಯಾಗ ಕುಂತು ಅವರ ಕಹ್ವಾ ಕುಡದೀನಿ. ಅವರು ನನ್ನ ಹೆಣ್ಮಗಳು ಅಂತ ಕರದ್ರು, ರಿಪೇರಿಯವನ ಹೆಂಡ್ತಿ ಅಂತ ಅಲ್ಲ. ನಾ ಹೇಳಿದ್ರ ನೀವು ಹೋಗಿ ಮಗನಿಗೆ ಹೇಳ್ತೀರಿ, ಮಗ ಹೋಗಿ ತಾಯಿಗೆ ಹೇಳ್ತಾನ. ಆ ತಾಯಿ ನಾಳೆ ಗೆಳತ್ಯಾರ ಮುಂದ ಹೆಂಗ ಕುಂದರಬೇಕು? ಆಕಿ ಸುದ್ದಿ ಎಲ್ಲೂ ಎತ್ತೂದಿಲ್ಲ ಅಂತ ಇಬ್ಬರೂ ಮಾತು ಕೊಡ್ರಿ. ಆಮ್ಯಾಲ ಹೇಳ್ತೀನಿ."

ಅವರು ಕೊಟ್ಟರು. ನಾನೂ ಕೊಟ್ಟೆ. ಅದರ ಬೆಲೆ ಏನೆಂದು ತಿಳಿಯದೆ ಕೊಟ್ಟೆ.

ವಿಷಯ ಇಷ್ಟೇ. ಆ ಜಾಲರಿಯ ಆಚೆ ಬದಿ ಓಣಿ, ಓಣಿಯಲ್ಲಿ ಮಜ್ಲಿಸ್‌ಗೆ ಬರುವ ಗಂಡಸರ ಓಡಾಟ. ಒಳಗೆ ಹೆಂಗಸರು ಕೂತಾಗ ನಗು ಹೊರಗೆ ಕೇಳುತ್ತದೆ, ಬಗ್ಗಿ ನೋಡಿದರೆ ನೆರಳೂ ಕಾಣುತ್ತದೆ. ಅದಕ್ಕೆ ಗೆಳತಿಯರು ಬಂದು ಕೂತೊಡನೆ ಆ ತಾಯಿ ತಮ್ಮ ಹೆಗಲ ಮೇಲಿನ ದಪ್ಪ ಉಣ್ಣೆಯ ಶಾಲನ್ನು ತೆಗೆದು ಜಾಲರಿಗೆ ತೂಗುಹಾಕುತ್ತಾರೆ. ಯಂತ್ರ ಗಾಳಿ ಎಳೆದಾಗ ಶಾಲು ಜಾಲರಿಗೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಮೋಟಾರಿನ ಸುತ್ತ ತಣ್ಣನೆ ಗಾಳಿ, ಹೇಗೋ ತಡೆದುಕೊಳ್ಳುತ್ತಿತ್ತು. ಚಳಿಗಾಲದಲ್ಲಿ ಅದೇ ಮೋಟಾರು ಬಿಸಿ ಗಾಳಿಯ ನಡುವೆ ಕೂತಿರುತ್ತದೆ, ಉಸಿರು ಕಟ್ಟಿದರೆ ಕಾದು ನಿಲ್ಲುತ್ತದೆ. ಫ್ಯಾನು ಕೆಟ್ಟಿತೆಂದು ಮಗನಿಗೆ ಹೇಳಿ ಕಳಿಸುತ್ತಾರೆ. ರಿಪೇರಿಯವರು ಬರುತ್ತಾರೆಂದರೆ ಆ ತಾಯಿ ಶಾಲು ತೆಗೆದು ಹೊದ್ದುಕೊಂಡು ಒಳಕೋಣೆಗೆ ಹೋಗುತ್ತಾರೆ. ನಾನು ಎಷ್ಟೋ ಸಲ ಹುಡುಕಿದ್ದು ಅವರ ಹೆಗಲ ಮೇಲೆಯೇ ಎದ್ದು ಹೋಗುತ್ತಿತ್ತು.

ನನಗೆ ಹಾರಿ ಕುಣಿಯುವಷ್ಟು ಸಂತೋಷವಾಯಿತು. ಮಾತು ಕೊಟ್ಟದ್ದು ಆಗಲೇ ಮರೆತಿದ್ದೆ.

"ನಾಳೆಯೇ ಮ್ಯಾನೇಜರನ ಮುಂದೆ ಹೇಳುವ ಸಾರ್. ನನ್ನದೇನೂ ತಪ್ಪಿಲ್ಲ ಅಂತ ಗೊತ್ತಾಗ್ಲಿ. ಆ ಯಜಮಾನನಿಗೂ ಗೊತ್ತಾಗ್ಲಿ, ಹಳೇ ಮೋಟಾರು ಒರೆಸಿ ಹಾಕಿದವ ಯಾರು ಅಂತ."

ಅಕ್ಕ ತಿರುಗಿ ನನ್ನನ್ನು ನೋಡಿದರು. ಅವರ ಗಂಡ ಹೇಳಿದರು: "ಈಗಷ್ಟ ಮಾತು ಕೊಟ್ಟೀಯಲ್ಲೋ."

"ಅದು ಸರಿ. ಮತ್ತೆ ನನ್ನ ಹೆಸರು?"

"ಅದನ್ನ ನಾ ನೋಡ್ಕೋತೀನಿ."

ಮರುದಿನ ಅವರು ಕ್ಯಾಬಿನ್ನಿಗೆ ಹೋದಾಗ ನಾನು ಬಾಗಿಲ ಬಳಿಯೇ ನಿಂತಿದ್ದೆ. ಅವರು ನಿಂತುಕೊಂಡೇ ಹೇಳಿದರು: ರಿಟರ್ನ್ ಗ್ರಿಲ್ ಇಟ್ಟ ಜಾಗ ತಪ್ಪು, ಗಾಳಿ ಸಾಲುತ್ತಿಲ್ಲ, ಮೋಟಾರು ಕಾಯುತ್ತಿದೆ. ಯಂತ್ರ ಕೂರಿಸುವಾಗ ಆ ಜಾಗಕ್ಕೆ ಒಪ್ಪಿದ್ದು ತಾನೇ. ಟೆಕ್ನಿಷಿಯನ್ನಿನ ಕೆಲಸದಲ್ಲಿ ತಪ್ಪಿಲ್ಲ.

ಮ್ಯಾನೇಜರ್ ಕುರ್ಚಿಯನ್ನು ಹಿಂದಕ್ಕೆ ಸರಿಸಿದ. "ಅಂದರೆ ಇಷ್ಟೆಲ್ಲ ಓಡಾಟ, ಹೊಸ ಮೋಟಾರು, ಎಲ್ಲ ನಿಮ್ಮ ತಪ್ಪಿಗೆ? ಗೊತ್ತಾಗುವುದಕ್ಕೆ ಇಷ್ಟು ದಿನ, ಅದೂ ಹೆಂಡತಿಯನ್ನು ಕರೆದುಕೊಂಡು ಹೋಗಿ?"

"ಹೌದು," ಎಂದರು.

ಆ ಜಾಗ ತೋರಿಸಿದ್ದು ಮನೆ ಕಟ್ಟಿಸಿದ ಕಂಟ್ರಾಕ್ಟರ್. ಅದು ನನಗೆ ಗೊತ್ತಿತ್ತು, ಯಾಕೆಂದರೆ ಗೋಡೆ ಕೊರೆದವನು ನಾನು. ಬಾಯಿ ತೆರೆಯಲು ಹೋದೆ. ಅವರು ನನ್ನ ಕಡೆ ನೋಡದೆಯೇ, ಬೆನ್ನ ಹಿಂದೆ ಕೈ ಬೀಸಿ ಸುಮ್ಮನಿರು ಎಂದರು.

ಆ ಗ್ರಿಲ್ಲನ್ನು ಮುಚ್ಚಿ, ಮಜ್ಲಿಸ್‌ನ ಬಾಗಿಲ ಬಳಿ ಓಣಿಯ ಸೀಲಿಂಗಿನಲ್ಲಿ ಹೊಸದೊಂದನ್ನು ಕೊರೆದೆ. ಮುಂದೆ ಇಬ್ರಾದಿಂದ ಫೋನ್ ಬರಲಿಲ್ಲ. ನನ್ನ ವೀಸಾಕ್ಕೆ ಸಹಿ ಬಿತ್ತು. ಅವರನ್ನು ಮಾತ್ರ ಸೈಟಿನಿಂದ ತೆಗೆದು ಸ್ಟೋರಿಗೆ ಹಾಕಿದರು. ಡಿಪ್ಲೊಮಾ ಓದಿದ ಮನುಷ್ಯ, ಇಸ್ತ್ರಿ ಅಂಗಿ ತೊಟ್ಟು, ತಾಮ್ರದ ಪೈಪಿನ ಸುರುಳಿಗಳ ನಡುವೆ ಕೂತು, ಯಾರಿಗೆಷ್ಟು ಟೇಪು ಎಂದು ಹಂಚುವುದು. ನಿವೃತ್ತಿಯಾಗುವವರೆಗೆ ಅದೇ. ಕಂಪನಿಯಲ್ಲಿ ಒಬ್ಬನೂ ಇರಲಿಲ್ಲ, ಇದು ಸರಿಯೋ ಎಂದು ಕೇಳುವವನು. ಇದ್ದವನು ನಾನೊಬ್ಬ, ನನ್ನ ಬಾಯಿ ಕಟ್ಟಿತ್ತು.

ಒಂದು ದಿನ ತಡೆಯಲಾರದೆ ಸ್ಟೋರಿಗೆ ಹೋಗಿ ಜಗಳ ತೆಗೆದೆ.

"ನೀವು ಯಾಕೆ ತಪ್ಪು ಒಪ್ಪಿಕೊಂಡ್ರಿ? ಜಾಗ ತೋರಿಸಿದ್ದು ಆ ಕಂಟ್ರಾಕ್ಟರ್ ಅಲ್ವಾ? ಅವನ ತಲೆಗೆ ಕಟ್ಟುದಲ್ವಾ?"

"ಆ ಮನಿಗೆ ಎರಡು ಬಾಗಲಾ ಐತಿ ಅಂತ ನನಗ ಕಾಣ್ತಿತ್ತಿಲ್ಲೋ? ಯಾಕ ಎರಡು ಅಂತ ಕೇಳಿದ್ನೇನು ನಾ? ಕೇಳ್ಲಿಲ್ಲ. ಜಾಳಗಿ ಅಲ್ಲೇ ಇಡು ಅಂದೆ. ತಪ್ಪು ನಂದ ಐತಿ."

"ಅಷ್ಟು ತಪ್ಪು ಹುಡುಕಿದ್ರೆ ಎಲ್ಲರದ್ದೂ ಉಂಟು ಸಾರ್. ಯಾರೂ ಸ್ಟೋರಿಗೆ ಬರ್ಲಿಲ್ಲ."

"ಟೇಪ್ ಬೇಕೇನು? ಬ್ಯಾಡಂದ್ರ ಹೋಗು, ಹಿಂದ ಮಂದಿ ನಿಂತಾರ."

ಹಿಂದೆ ಯಾರೂ ನಿಂತಿರಲಿಲ್ಲ. ನಾನು ಸಿಟ್ಟಿನಿಂದ ಹೊರಗೆ ಬಂದೆ. ಕೆಲವು ದಿನ ಅವರನ್ನು ಮಾತಾಡಿಸಲಿಲ್ಲ. ಋಣದಲ್ಲಿರುವುದು ನನಗೆ ಆಗದ ಕೆಲಸ, ಅದರಲ್ಲೂ ಯಾರಿಗೂ ಹೇಳಲಾಗದ ಋಣ.

ಬೀಳ್ಕೊಡುಗೆಯ ದಿನ ಮ್ಯಾನೇಜರ್ ಪಿಕ್ನಿಕ್ ಎಂದಾಗ ಎದ್ದು ನಿಂತು ಎಲ್ಲ ಹೇಳಿಬಿಡುವ ಎನಿಸಿತ್ತು. ಅವರು ಕೇಕಿನ ಆಚೆಯಿಂದ ಒಮ್ಮೆ ನೋಡಿದರು, ನಾನು ಕೂತೇ ಇದ್ದೆ. ಇದನ್ನು ಬರೆಯುವ ಮೊದಲು ವಿಜಯಪುರಕ್ಕೆ ಫೋನ್ ಮಾಡಿ ಅಕ್ಕನನ್ನು ಕೇಳಿದೆ. "ಕನ್ನಡದಾಗ ಬರಿ, ಅಲ್ಲಿಯವರ್ಯಾರೂ ಓದೂದಿಲ್ಲ. ಮನಿ ಗುರ್ತು ಸಿಗೂವಂಗ ಬರೀಬ್ಯಾಡ," ಎಂದರು. ಇಬ್ರಾದಲ್ಲಿ ಎರಡು ಬಾಗಿಲಿನ ಮನೆಗಳಿಗೆ ಕಡಿಮೆಯಿಲ್ಲ. ಹಿಂದಿನಿಂದ ಅವರ ಗಂಡನ ದನಿ ಕೇಳಿಸಿತು, "ಏನಂತ ಆ ಮೀನಿನವ?" ಫೋನ್ ತೆಗೆದುಕೊಳ್ಳಲಿಲ್ಲ.

ಈ ಚಳಿಗಾಲದಲ್ಲಿ ಸರ್ವಿಸಿಗೆಂದು ಆ ಮನೆಗೆ ನಾನೇ ಹೋದೆ. ಯಂತ್ರ ಚೆನ್ನಾಗಿತ್ತು. ಒಳ ಹಾಲ್‌ನಲ್ಲಿ ಹೆಂಗಸರು ಸೇರಿದ್ದರು. ಪಕ್ಕದ ಬಾಗಿಲಲ್ಲಿ ಚಪ್ಪಲಿಗಳಿದ್ದವು, ಓಣಿಗೆ ಮಾತ್ರ ಅವರ ದನಿ ಕೇಳುತ್ತಿರಲಿಲ್ಲ. ಮಜ್ಲಿಸ್‌ನಲ್ಲಿ ಯಜಮಾನನ ಮುಂದೆ ಅವನ ಇಬ್ಬರು ಗೆಳೆಯರು ಕೂತಿದ್ದರು. ಬಾಗಿಲ ಬಳಿಯ ಹೊಸ ಗ್ರಿಲ್ಲು ಗುಂಯ್ ಎನ್ನುತ್ತಿತ್ತು, ಅವರು ದನಿ ಏರಿಸಿ ಮಾತಾಡಬೇಕಿತ್ತು. ಯಜಮಾನ ಗ್ರಿಲ್ಲಿನ ಕಡೆ ಕೈ ತೋರಿಸಿ, ಗೆಳೆಯರಿಗೂ ಕೇಳುವಂತೆ ಹಿಂದಿಯಲ್ಲಿ ಹೇಳಿದ:

"ಇದು ಮೊದಲು ಒಳಗಡೆ ಗೋಡೆಯಲ್ಲಿತ್ತು, ಅಲ್ಲಿದ್ದಾಗ ಈ ಸದ್ದಿನ ತೊಂದರೆ ಇರಲಿಲ್ಲ. ತಂದು ನನ್ನ ತಲೆಯ ಮೇಲೆ ಇಟ್ಟ ಕತ್ತೆ ಯಾರು?"

ಗೆಳೆಯರು ನಕ್ಕರು. ನನ್ನ ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು. ಶಾಲಿನ ವಿಷಯ ಹೇಳಲು ಒಂದೇ ಒಂದು ವಾಕ್ಯ ಸಾಕಿತ್ತು, ಅದು ಬಾಯಿಯವರೆಗೆ ಬಂದೂ ಇತ್ತು.

"ನಾನೇ ಇಟ್ಟದ್ದು," ಎಂದೆ.

"ನೀನೋ?" ಎಂದು ಅವನು ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಆಮೇಲೆ ಉದಾರವಾಗಿ ನಕ್ಕು, ಕೈಯಾಡಿಸಿ, ಪರವಾಗಿಲ್ಲ, ಕಲಿಯುವಾಗ ಎಲ್ಲರೂ ತಪ್ಪುತ್ತಾರೆ ಎಂದ. ಕಹ್ವಾ ಬಗ್ಗಿಸಿ ಕೊಟ್ಟ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ನನ್ನನ್ನು ಕ್ಷಮಿಸಿದ.